ಮನೆವಾರ್ತೆ: ತಂಗಳುಪೆಟ್ಟಿಗೆಯ ವ್ಯವಹಾರ

ಕಳೆದ ಸಂಚಿಕೆಯ ‘ಮನೆವಾರ್ತೆ’ಯನ್ನು ಓದಿ ವಾಚಕ ಸೋದರಿಯೊಬ್ಬರು ನಮಗೆ ಕಾಗದ ಬರೆದಿದ್ದಾರೆ. ವರ್ಷಕ್ಕೊಮ್ಮೆ ಊರಿಗೆ ಹೋಗಿ ಹಿಂದಿರುಗುವಾಗ ಅವರ ತಾಯಿ ಹೋಳಿಗೆ, ಪತ್ರೊಡೆ, ಹಲಸಿನ ಹಣ್ಣಿನ ಕಡುಬು ಮುಂತಾಗಿ ಕಾಲಕ್ಕೆ ತಕ್ಕುದನ್ನೆಲ್ಲ ಮಾಡಿ ಕಟ್ಟಿಕೊಡುತ್ತಾರಂತೆ. ದಿಲ್ಲಿಗೆ ಬಂದಿಳಿದೊಡನೆ ಅದನ್ನೆಲ್ಲ ಫ್ರೀಜರಿಗೆ ಸೇರಿಸಿ, ಹಬ್ಬಕ್ಕೊಂದು ಹರಿದಿನಕ್ಕೊಂದು ಎಂದು ತಿಂಗಳುಗಟ್ಟಲೆ ತೆಗೆದು ತಿನ್ನುವುದು ಅವರ ಮನೆಯ ರೂಢಿ. ತಾಯಿಗೆ ಈಗ ಎಪ್ಪತ್ತೆಂಟು. ಇನ್ನೆಷ್ಟು ವರ್ಷ ಅವರ ಕೈಯಡಿಗೆ ದೊರೆತೀತೋ ಎಂಬ ಅಳುಕಿನಿಂದ ಒಂದು ಚೂರನ್ನೂ ಎಸೆಯಲು ಮನಸ್ಸು ಬಾರದಂತೆ. ಆದರೆ ಮನೆಯಲ್ಲಿ ಎರಡು ವರ್ಷದ ಮಗುವಿದೆ. ಫ್ರೀಜರಿನಲ್ಲಿಟ್ಟ ಪದಾರ್ಥ ಎಷ್ಟು ದಿನ ಕೆಡದೆ ಇರುವುದೆಂದು ತಿಳಿಸಬೇಕೆಂದು ಕೇಳಿದ್ದಾರೆ.

ಪ್ರಶ್ನೆ ಒಂದೇ ಸಾಲಿನದು. ಉತ್ತರ ಅಷ್ಟು ಚಿಕ್ಕದಾಗಿಲ್ಲ. ನಾವು ವೈದ್ಯರಲ್ಲ, ಆಹಾರಶಾಸ್ತ್ರದ ಪಂಡಿತರೂ ಅಲ್ಲ. ಸರಕಾರಿ ಕಚೇರಿಯಲ್ಲಿ ಕಡತ ಮಗುಚುವ ಗುಮಾಸ್ತರು. ಆದರೆ ಗಂಡಹೆಂಡಿರಿಬ್ಬರೂ ಬೆಳಗ್ಗೆ ಎಂಟೂವರೆಗೆ ಮೆಟ್ರೊ ಹಿಡಿಯಬೇಕಾದ ಮನೆ ನಮ್ಮದು. ಭಾನುವಾರದ ಅಡಿಗೆ ಬುಧವಾರದವರೆಗೆ ಎಳೆಯಬೇಕು. ಆದಕಾರಣ ಈ ವಿಷಯವನ್ನು ತಕ್ಕಮಟ್ಟಿಗೆ ಓದಿ, ಬಲ್ಲವರನ್ನು ವಿಚಾರಿಸಿ ತಿಳಿದುಕೊಂಡಿದ್ದೇವೆ. ತಿಳಿದಷ್ಟನ್ನು ವಾಚಕರ ಮುಂದಿಡುತ್ತೇವೆ.

ಫ್ರಿಜ್ಜಿಗೆ ಯಾರೋ ರಸಿಕರು ಕನ್ನಡದಲ್ಲಿ ‘ತಂಗಳುಪೆಟ್ಟಿಗೆ’ ಎಂದು ಹೆಸರಿಟ್ಟಿದ್ದಾರೆ. ಹೆಸರಿನಲ್ಲಿ ಕುಚೋದ್ಯವಿದ್ದರೂ ಸತ್ಯವೂ ಇದೆ. ಒಳಗಿಟ್ಟ ಹುಳಿ ಎಷ್ಟೇ ತಣ್ಣಗಿರಲಿ, ತಂಗಳು ತಂಗಳೇ. ಗೋದ್ರೆಜ್ ಕಂಪನಿಯವರು 1958ರಲ್ಲಿ ನಮ್ಮ ದೇಶದಲ್ಲಿಯೇ ಫ್ರಿಜ್ ತಯಾರಿಸಲು ತೊಡಗಿದಾಗ ಅದು ಉಳ್ಳವರ ಹಜಾರದ ಅಲಂಕಾರವಾಗಿತ್ತು. ಇಂದು ನಮ್ಮಂಥವರ ಬಾಡಿಗೆ ಮನೆಗಳಲ್ಲಿಯೂ ಅದು ಇದೆ. ಪರಊರಿನ ಕನ್ನಡ ಮನೆಗಳಲ್ಲಂತೂ ಅದು ಬರಿಯ ಪೆಟ್ಟಿಗೆಯಲ್ಲ, ಊರಿನ ಉಗ್ರಾಣದ ಒಂದು ತುಂಡು. ಕಾಯಿತುರಿ, ಕರಿಬೇವು, ಅತ್ತೆ ಕಳಿಸಿದ ಗೊಜ್ಜು, ಅತ್ತಿಗೆ ಕಳಿಸಿದ ಮಾವಿನ ರಸ, ಎಲ್ಲವೂ ಅಲ್ಲಿ. ಅಷ್ಟು ನಂಬಿಕೆಯಿಂದ ಇಟ್ಟ ಮೇಲೆ ಆ ಪೆಟ್ಟಿಗೆ ಏನು ಮಾಡಬಲ್ಲುದು, ಏನು ಮಾಡಲಾರದು ಎಂಬುದನ್ನು ತಿಳಿಯುವುದು ಅಗತ್ಯ.

ನಮ್ಮ ಹಿರಿಯರ ಉಗ್ರಾಣದಲ್ಲಿ ಫ್ರಿಜ್ ಇರಲಿಲ್ಲ. ಆದರೂ ಪದಾರ್ಥಗಳು ವರ್ಷದುದ್ದಕ್ಕೂ ಉಳಿಯುತ್ತಿದ್ದುವು. ಉತ್ತರ ಕರ್ನಾಟಕದ ಖಡಕ್ ರೊಟ್ಟಿ ವಾರಗಟ್ಟಲೆ ಬಾಳುವುದು ಅದರಲ್ಲಿ ನೀರಿನ ಅಂಶ ಉಳಿಯದ ಕಾರಣ. ಕರಾವಳಿಯವರು ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಯ ಬಾಯಿ ಕಟ್ಟುತ್ತಾರೆ. ಮಾವಿನ ಮಿಡಿಗೆ ಉಪ್ಪು, ಹಪ್ಪಳ ಸಂಡಿಗೆಗೆ ಬಿಸಿಲು, ಪುಳಿಯೋಗರೆಯ ಗೊಜ್ಜಿಗೆ ಹುಣಿಸೆಯ ಹುಳಿ, ಎಣ್ಣೆ. ಈ ಉಪಾಯಗಳೆಲ್ಲ ಪದಾರ್ಥದ ಸ್ವಭಾವವನ್ನೇ ಬದಲಾಯಿಸುವುವು. ನೀರನ್ನು ಕಳೆದೋ, ಉಪ್ಪು ಹುಳಿಗಳನ್ನು ಏರಿಸಿಯೋ, ಕೊಳೆಸುವ ಸೂಕ್ಷ್ಮಜೀವಿಗಳು ಅದರಲ್ಲಿ ಬೆಳೆಯಲಾರದಂತೆ ಮಾಡುವುವು. ಮುಸುರೆ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಬೇಡವೆಂದು ಅಜ್ಜಿ ಗದರುತ್ತಿದ್ದುದು ನೆನಪಿದೆಯಷ್ಟೆ? ಅದನ್ನು ಬರಿಯ ಮಡಿಯೆಂದು ನಕ್ಕವರುಂಟು. ಅನ್ನ ಅಂಟಿದ ಒದ್ದೆ ಕೈಯಿಂದ ಭರಣಿಗೆ ನೀರೂ ಸೂಕ್ಷ್ಮಜೀವಿಯೂ ಒಟ್ಟಿಗೆ ಇಳಿಯುವುವು. ಬೂಷ್ಟು ಹಿಡಿಯಲು ಬೇರೇನೂ ಬೇಕಾಗಿಲ್ಲ. ಅಜ್ಜಿಯ ಮಾತು ವಿಜ್ಞಾನವೇ.

ಶೈತ್ಯದ ಕ್ರಮ ಬೇರೆ. ಅದು ಪದಾರ್ಥದ ಸ್ವಭಾವವನ್ನು ಮುಟ್ಟುವುದಿಲ್ಲ. ಒಳಗಿರುವ ಸೂಕ್ಷ್ಮಜೀವಿಗಳಲ್ಲಿ ಬಹುಪಾಲನ್ನು ಕೊಲ್ಲುವುದೂ ಇಲ್ಲ. ಮನೆ ಹೊಕ್ಕ ಕಳ್ಳನಿಗೆ ನಿದ್ದೆ ಬರಿಸುತ್ತದೆ, ಅಷ್ಟೆ. ಫ್ರಿಜ್ಜಿನ 4 ಡಿಗ್ರಿಯಲ್ಲಿ ಕಳ್ಳ ತೂಕಡಿಸುತ್ತಾನೆ. ಫ್ರೀಜರಿನ ಸೊನ್ನೆಗಿಂತ ಕೆಳಗಿನ 18 ಡಿಗ್ರಿಯಲ್ಲಿ ಗಾಢ ನಿದ್ದೆ. ಹೊರಗೆ ತೆಗೆದು ಬಿಸಿಯೇರಿತೆಂದರೆ ಎದ್ದು ಕುಳಿತು, ನಿಲ್ಲಿಸಿದ್ದ ಕೆಲಸವನ್ನು ಮುಂದುವರಿಸುತ್ತಾನೆ. ಅವನು ಮಲಗುವ ಮುನ್ನ ಕದ್ದಿಟ್ಟದ್ದು ಕದ್ದ ಹಾಗೆಯೇ ಇರುತ್ತದೆ.

ಲೆಕ್ಕ ನೋಡಿ. ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ಸೆಂಟಿಗ್ರೇಡಿನವರೆಗಿನ ಶಾಖ ಸೂಕ್ಷ್ಮಜೀವಿಗಳಿಗೆ ಹಿತ. ಅನುಕೂಲ ಚೆನ್ನಾಗಿದ್ದರೆ ಕೆಲವು ಜಾತಿಯವು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವುವು. ಒಂದು ಇದ್ದುದು ಎರಡು ಗಂಟೆಯಲ್ಲಿ 64 ಆಯಿತು. ನಾಲ್ಕು ಗಂಟೆಯಲ್ಲಿ 4096. ಚಕ್ರಬಡ್ಡಿಯ ಸಾಲ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಯಿಸಿದ ಪದಾರ್ಥವನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕೆಂದೂ, ಹೊರಗಿನ ಶಾಖ 32 ಡಿಗ್ರಿ ಮೀರಿದ್ದರೆ ಒಂದೇ ಗಂಟೆಯೊಳಗೆ ಸೇರಿಸಬೇಕೆಂದೂ ತಜ್ಞರು ಹೇಳುವುದು ಇದಕ್ಕಾಗಿಯೇ. ದಿಲ್ಲಿಯ ಮೇ ಜೂನ್ ತಿಂಗಳುಗಳಲ್ಲಿ ನಮ್ಮ ಅಡಿಗೆಮನೆಗಳಿಗೆ ಆ ಒಂದು ಗಂಟೆಯ ಗಡುವೇ ಅನ್ವಯಿಸುವುದು. ಚೆನ್ನೈ, ಹೈದರಾಬಾದುಗಳ ಬಂಧುಗಳಿಗೂ ಇದೇ ಮಾತು.

“ಕೆಟ್ಟಿದ್ದರೇನಂತೆ, ಚೆನ್ನಾಗಿ ಕುದಿಸಿದರೆ ಎಲ್ಲ ಸರಿಹೋಗುತ್ತದೆ” ಎಂಬ ಮಾತನ್ನು ನಾವು ಎಷ್ಟೋ ಮನೆಗಳಲ್ಲಿ ಕೇಳಿದ್ದೇವೆ. ಮಾತು ಅರ್ಧ ಮಾತ್ರ ನಿಜ. ಕುದಿಸಿದರೆ ಜೀವಿಗಳು ಸಾಯುವುದು ಹೌದು. ಆದರೆ ಕೆಲವು ಜೀವಿಗಳು ಸಾಯುವ ಮುನ್ನ ಆಹಾರದಲ್ಲಿ ವಿಷವನ್ನು ಉಗುಳಿರುತ್ತವೆ. ಆ ವಿಷ ಕುದಿತಕ್ಕೆ ಬಗ್ಗುವುದಿಲ್ಲ.

ಅನ್ನದ ಸಂಗತಿಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಅನ್ನ ಉಣ್ಣುವ ನಮ್ಮವರಿಗೆ ಅದು ಅತ್ಯಂತ ನಿರಪಾಯ ವಸ್ತುವೆಂದೇ ಭಾವನೆ. ‘ಬ್ಯಾಸಿಲಸ್ ಸೀರಿಯಸ್’ ಎಂಬ ಸೂಕ್ಷ್ಮಜೀವಿ ಮಣ್ಣಿನಲ್ಲಿ ವಾಸಿಸುವಂಥದು. ಅದರ ಬೀಜಕಣಗಳು ಅಕ್ಕಿಯ ಜೊತೆಗೆ ನಮ್ಮ ಮನೆಗೆ ಬರುವುದುಂಟು. ಗಟ್ಟಿ ಕವಚದೊಳಗೆ ಅವಿತಿರುವ ಈ ಕಣಗಳು ಅನ್ನ ಬೆಂದರೂ ಸಾಯವು. ರಾತ್ರಿ ಮಿಕ್ಕ ಅನ್ನವನ್ನು ಕುಕ್ಕರಿನಲ್ಲಿಯೇ ಬಿಟ್ಟು ಮಲಗಿದೆವೆನ್ನಿ. ಹದವಾದ ಬೆಚ್ಚಗೆ, ಬೇಕಾದಷ್ಟು ತೇವ. ಕಣಗಳು ಮೊಳೆತು, ಬೆಳೆದು, ವಿಷವನ್ನು ಸ್ರವಿಸುತ್ತವೆ. ಬೆಳಗ್ಗೆ ಅದಕ್ಕೆ ಸಾಸಿವೆ, ಕಡಲೆಬೇಳೆ, ಹಸಿಮೆಣಸಿನಕಾಯಿಯ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿ ಡಬ್ಬಿಗೆ ತುಂಬಿ ಮಗುವನ್ನು ಶಾಲೆಗೆ ಕಳುಹಿಸುತ್ತೇವೆ. ಒಗ್ಗರಣೆಯ ಶಾಖಕ್ಕೂ ಆ ವಿಷ ಅಳಿಯದು. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ. ಬಹುಮಟ್ಟಿಗೆ ಒಂದು ದಿನದಲ್ಲಿ ನಿಲ್ಲುವುದು ಪುಣ್ಯ; ಆದರೆ ಎಳೆಯ ಮಗುವಿಗೂ ಮುದುಕರಿಗೂ ಒಂದು ದಿನದ ವಾಂತಿ ಸಣ್ಣ ಮಾತಲ್ಲ. ಮಿಕ್ಕ ಅನ್ನವನ್ನು ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಸೇರಿಸಿ, ಮರುದಿನದೊಳಗೆ ಮುಗಿಸಬೇಕೆಂಬುದು ಬ್ರಿಟನ್ನಿನ ಆಹಾರ ಮಾನಕ ಸಂಸ್ಥೆಯವರ ಸಲಹೆ. ನಮ್ಮ ಮನೆಯಲ್ಲಿ ಅನ್ನಕ್ಕೆ ಅದೇ ಕಾನೂನು.

ನಮ್ಮ ತಾಯಿ ಇದಕ್ಕೆ ಆಕ್ಷೇಪ ಎತ್ತಿದರು. “ಅಲ್ಲವೋ, ನಿಮ್ಮ ತಾತ ದಿನವೂ ತಂಗಳನ್ನ ಉಂಡೇ ಗದ್ದೆಗೆ ಹೋಗುತ್ತಿದ್ದರು. ಅವರಿಗೆ ಏನಾಗಿತ್ತು?” ಎಂದು ಕೇಳಿದರು. ಆಕ್ಷೇಪ ಸಾಧುವಾದುದೇ. ತಾತ ಉಣ್ಣುತ್ತಿದ್ದುದು ಮಡಕೆಯಲ್ಲಿ ನೀರು ಹಾಕಿ ಇಟ್ಟು, ರಾತ್ರಿಯೆಲ್ಲ ಹುಳಿ ಬಂದು, ಮಜ್ಜಿಗೆ ಬೆರೆತ ಅನ್ನ. ಹುಳಿ ಬರಿಸುವ ಜೀವಿಗಳು ಮೇಲುಗೈ ಪಡೆದರೆ ಉಳಿದವಕ್ಕೆ ತಡೆಯುಂಟಾಗುವುದು. ಉಪ್ಪಿನಕಾಯಿಯ ಬಳಗಕ್ಕೆ ಸೇರಿದ ಉಪಾಯ ಅದು. ಕುಕ್ಕರಿನ ತಳದಲ್ಲಿ ಮರೆತುಳಿದ ಅನ್ನಕ್ಕೂ ಅದಕ್ಕೂ ಹೆಸರಿನಲ್ಲಿ ಮಾತ್ರ ಹೋಲಿಕೆ. ತಾಯಿಯವರು ಇದನ್ನು ಪೂರ್ತಿ ಒಪ್ಪಿದರೆಂದು ಹೇಳಲಾರೆವು. ಆದರೆ ಈಗ ಅನ್ನ ಮಿಕ್ಕರೆ ಅವರೇ ಮೊದಲು ತಟ್ಟೆಯಲ್ಲಿ ಹರವುತ್ತಾರೆ.

ಮೀನು ತಿನ್ನುವ ಕರಾವಳಿಯ ಬಂಧುಗಳಿಗೂ ಇಂಥದೇ ಒಂದು ಎಚ್ಚರಿಕೆ. ಬಂಗುಡೆಯಂಥ ಮೀನನ್ನು ಹಿಡಿದ ಮೇಲೆ ಬೆಚ್ಚಗೆ ಬಿಟ್ಟರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ತಿಂದವರ ಮುಖ ಕೆಂಪಾಗಿ, ತಲೆನೋವು, ಮೈತುರಿಕೆ ಕಾಣಿಸುವುದು. ಒಮ್ಮೆ ಹುಟ್ಟಿದ ಹಿಸ್ಟಮಿನ್ನನ್ನು ಒಲೆಯೂ ಕಳೆಯದು, ಫ್ರೀಜರೂ ಕಳೆಯದು. ಮುಂಬಯಿಯಲ್ಲಿ ಬಂದರು ಹತ್ತಿರ, ದಿಲ್ಲಿಯಲ್ಲಿ ಹಾಗಲ್ಲ. ಮೀನು ಮಾರುವವನ ಹಲಗೆಯ ಮೇಲೆ ಮಂಜುಗಡ್ಡೆ ಇದೆಯೆ ಎಂಬುದನ್ನು ಬೆಲೆ ಕೇಳುವ ಮೊದಲೇ ನೋಡತಕ್ಕದ್ದು. ತಂದ ಹಸಿಮೀನು, ಹಸಿಮಾಂಸ ಫ್ರಿಜ್ಜಿನಲ್ಲಿ ಯಾವಾಗಲೂ ಎಲ್ಲಕ್ಕಿಂತ ಕೆಳಗಿನ ಅರೆಯಲ್ಲಿ, ಮುಚ್ಚಿದ ಪಾತ್ರೆಯಲ್ಲಿ ಇರಬೇಕು. ಅದರ ನೀರು ಸೋರಿ ಬೇಯಿಸಿದ ಪದಾರ್ಥದ ಮೇಲೆ ಬೀಳಕೂಡದು.

ಈಗ ಸೋದರಿಯವರ ಹೋಳಿಗೆಯ ಗಂಟಿಗೆ ಬರೋಣ. ಬೆಂಗಳೂರಿನಿಂದ ಹೊರಟ ಕರ್ನಾಟಕ ಎಕ್ಸ್‌ಪ್ರೆಸ್ ದಿಲ್ಲಿ ಸೇರುವಷ್ಟರಲ್ಲಿ ಎರಡು ರಾತ್ರಿ ಕಳೆದಿರುತ್ತವೆ. ಊರಿನಿಂದ ಬೆಂಗಳೂರಿಗೆ ಬಂದ ಬಸ್ಸಿನ ಹೊತ್ತು ಬೇರೆ. ಅಷ್ಟು ಕಾಲ ಸೆಕೆಯಲ್ಲಿ ಬಂದ ಪತ್ರೊಡೆಯನ್ನು, ಹಲಸಿನ ಕಡುಬನ್ನು ಫ್ರೀಜರಿನಲ್ಲಿಟ್ಟು ಆರು ತಿಂಗಳು ಕಾದರೂ ಅದು ಆ ಎರಡು ರಾತ್ರಿಗಳ ಹಿಂದಿನ ಪದಾರ್ಥವಾಗದು. ಹಬೆಯಲ್ಲಿ ಬೆಂದ, ತೇವವುಳ್ಳ, ಅಕ್ಕಿಯ ಪದಾರ್ಥಗಳನ್ನು ಈ ರೀತಿಯಲ್ಲಿ ತಂದು ಮಗುವಿಗೆ ಕೊಡಕೂಡದೆಂದು ನಾವು ಖಂಡಿತವಾಗಿ ಹೇಳುತ್ತೇವೆ. ದೊಡ್ಡವರಿಗೂ ಬೇಡ. ಕಾಯಿಹೋಳಿಗೆಯೂ ಅದೇ ಪಂಕ್ತಿಯಲ್ಲಿದೆ. ಹೂರಣವನ್ನು ಬೆಲ್ಲದಲ್ಲಿ ಗಟ್ಟಿಯಾಗಿ ಬೇಯಿಸಿದ ಬೇಳೆಹೋಳಿಗೆ ಒಂದೆರಡು ದಿನ ತಾಳುವುದೆಂದು ಊರಿನ ಅನುಭವವಿದೆ. ದೊಡ್ಡವರು ಬಂದ ದಿನವೇ ತಿಂದು ಮುಗಿಸಬಹುದು. ಎರಡು ವರ್ಷದ ಮಗುವಿನ ವಿಷಯದಲ್ಲಿ ಆ ಅನುಭವವನ್ನು ನೆಚ್ಚುವ ಧೈರ್ಯ ನಮಗಿಲ್ಲ. ಮೂಸಿ ನೋಡಿ, ನಾಲಗೆಗೆ ಹಚ್ಚಿ ನೋಡಿ ತೀರ್ಮಾನಿಸುವುದೂ ಸಲ್ಲದು. ಹಳಸಿದ ವಾಸನೆ ಕೊಡುವ ಜೀವಿಗಳೇ ಬೇರೆ, ಕಾಯಿಲೆ ತರುವ ಜೀವಿಗಳೇ ಬೇರೆ. ಎರಡನೆಯವು ವಾಸನೆಯ ಮುನ್ಸೂಚನೆ ಕೊಡಲೇಬೇಕೆಂಬ ನಿಯಮವಿಲ್ಲ.

ತಾಯಿಯ ಕೈಯಡಿಗೆಯನ್ನು ಎಸೆಯಿರೆಂದು ಬರೆಯುವುದು ನಮಗೂ ಸುಖದ ಕೆಲಸವಲ್ಲ. ಆದುದರಿಂದ ಬೇರೆ ದಾರಿ ಹೇಳುತ್ತೇವೆ. ರೈಲಿನಲ್ಲಿ ಬರುವವರು ತಾಯಿಯಿಂದ ಚಟ್ನಿಪುಡಿ, ಹುಳಿಪುಡಿ, ಮೆಂತ್ಯದ ಹಿಟ್ಟು, ಚಕ್ಕುಲಿ, ಕೋಡುಬಳೆ, ಹಪ್ಪಳ, ಸಂಡಿಗೆ, ಒಣಗಿದ ಪುನರ್ಪುಳಿ ಇಂಥವನ್ನು ಕೇಳಿ ತರಲಿ. ಇವಕ್ಕೆ ಫ್ರೀಜರಿನ ಹಂಗೇ ಇಲ್ಲ. ವಿಮಾನದಲ್ಲಿ ಬರುವವರು ಊರಿನಲ್ಲಿಯೇ ಹೋಳಿಗೆಯನ್ನು ಎರಡು ದಿನ ಮುಂಚೆ ಫ್ರೀಜರಿನಲ್ಲಿ ಕಲ್ಲಿನಂತೆ ಗಟ್ಟಿಮಾಡಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತಂಪುಚೀಲಗಳ ನಡುವೆ ಬಿಗಿಯಾಗಿ ಕಟ್ಟಿ ತರಬಹುದು. ಮನೆ ಸೇರಿದಾಗ ಒಳಗೆ ಇನ್ನೂ ಮಂಜಿನ ಹರಳು ಉಳಿದಿದ್ದರೆ ಮತ್ತೆ ಫ್ರೀಜರಿಗೆ ಸೇರಿಸಲು ಅಡ್ಡಿಯಿಲ್ಲ. ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ತಾಯಿಯವರನ್ನೇ ಒಂದು ತಿಂಗಳ ಮಟ್ಟಿಗೆ ಕರೆತರುವುದು. ದಿಲ್ಲಿಯ ಚಳಿ ಅವರಿಗೆ ಕಷ್ಟವಾದರೆ ಫೆಬ್ರವರಿ ಕಡೆಯಲ್ಲಿ ಬರಲಿ. ಇಲ್ಲಿನ ಒಲೆಯ ಮೇಲೆ ಅವರ ಕೈಯಿಂದಲೇ ಐವತ್ತು ಹೋಳಿಗೆ ಆಗಲಿ. ಹೂರಣ ಅರೆಯುವುದಕ್ಕೆ, ಕಣಕ ನಾದುವುದಕ್ಕೆ ಮಗಳು ಜೊತೆಗೆ ನಿಲ್ಲಲಿ. ಬೇಯಿಸಿದ ಹೋಳಿಗೆಯನ್ನು ಬಟ್ಟೆಯ ಮೇಲೆ ಹರಡಿ ಆರಿಸಿ, ನಡುವೆ ಬೆಣ್ಣೆಕಾಗದ ಇಟ್ಟು, ನಾಲ್ಕು ನಾಲ್ಕಾಗಿ ಗಾಳಿಯಾಡದ ಚೀಲಗಳಲ್ಲಿ ಕಟ್ಟಿ ಅಂದಿನ ಸಂಜೆಯೇ ಫ್ರೀಜರಿಗೆ ಸೇರಿಸಿದರೆ ಎರಡು ಮೂರು ತಿಂಗಳು ರುಚಿಯೂ ಉಳಿಯುವುದು, ಭಯವೂ ಇಲ್ಲ. ತಿನ್ನುವ ದಿನ ಗಟ್ಟಿಯಾಗಿರುವಂತೆಯೇ ಕಾವಲಿಗೆ ಹಾಕಿ, ಸಣ್ಣ ಉರಿಯಲ್ಲಿ ತುಪ್ಪ ಬಿಟ್ಟು ಒಳಗಿನವರೆಗೂ ಬಿಸಿ ಮಾಡಬೇಕು. ಹೀಗೆ ಇಟ್ಟದ್ದನ್ನು ಮಗುವಿಗೆ ಧಾರಾಳವಾಗಿ ಕೊಡಬಹುದು.

ಇನ್ನು ಭಾನುವಾರದ ಅಡಿಗೆಯ ವಿಚಾರ. ಬಿಸಿ ಪದಾರ್ಥವನ್ನು ಫ್ರಿಜ್ಜಿನಲ್ಲಿಡಬಾರದೆಂದು ಹಲವರು ಹುಳಿಯ ದೊಡ್ಡ ಪಾತ್ರೆಯನ್ನು ಮಧ್ಯಾಹ್ನದಿಂದ ರಾತ್ರಿಯವರೆಗೆ ಕಟ್ಟೆಯ ಮೇಲೆ ಬಿಡುತ್ತಾರೆ. ಕುದಿಯುವ ಪಾತ್ರೆಯನ್ನು ಹಾಗೆಯೇ ಒಳಗೆ ತಳ್ಳಿದರೆ ಪಕ್ಕದ ಹಾಲು ಮೊಸರು ಬೆಚ್ಚಗಾಗುವುದು ನಿಜ. ಆದರೆ ಪೂರ್ತಿ ತಣ್ಣಗಾಗುವವರೆಗೆ ಕಾಯುವುದು ಅದಕ್ಕಿಂತ ಕೆಟ್ಟದ್ದು. ಆಳವಾದ ಪಾತ್ರೆಯ ಮೇಲ್ಭಾಗ ಆರಿದಂತೆ ಕಂಡರೂ ನಡುವಿನ ಹುಳಿ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಎರಡು ಮೂರು ಅಗಲವಾದ ಪಾತ್ರೆಗಳಿಗೆ ಎರಡಂಗುಲ ಆಳಕ್ಕೆ ಬಗ್ಗಿಸಿ, ತಣ್ಣೀರಿನ ತಾಂಬಾಳದಲ್ಲಿಟ್ಟು ಆಗಾಗ ಸೌಟಿನಿಂದ ತಿರುವಿದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಉಗುರುಬೆಚ್ಚಗಾಗುವುದು. ಆಗ ಮುಚ್ಚಿ ಒಳಗಿಡಬಹುದು. ಬೇಯಿಸಿದ ಪದಾರ್ಥಕ್ಕೆ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನದ ಆಯುಸ್ಸು. ನಾವು ಭಾನುವಾರದ ಅಡಿಗೆಗೆ ಬುಧವಾರದ ರಾತ್ರಿಯನ್ನೇ ಎಲ್ಲೆಯಾಗಿಟ್ಟುಕೊಂಡಿದ್ದೇವೆ. ಗುರುವಾರ ಶುಕ್ರವಾರಕ್ಕೆ ಬೇಕಾದುದು ಭಾನುವಾರವೇ ಫ್ರೀಜರಿಗೆ ಹೋಗುತ್ತದೆ. ಮನೆಯಲ್ಲಿ ಬಸುರಿ ಹೆಂಗಸಿದ್ದರೆ ಇನ್ನೂ ಬಿಗಿಯಾಗಿರಬೇಕು. ‘ಲಿಸ್ಟೀರಿಯ’ ಎಂಬ ಜೀವಿ ಫ್ರಿಜ್ಜಿನ ತಂಪಿನಲ್ಲಿಯೂ ಮೆಲ್ಲಗೆ ಬೆಳೆಯುವಂಥದು. ಹೊಟ್ಟೆಯಲ್ಲಿರುವ ಮಗುವಿಗೆ ಅದರಿಂದ ಅಪಾಯ. ಅಂಥವರಿಗೆ ಅಂದಂದಿನ ಬಿಸಿ ಅಡಿಗೆಯೇ ಮೇಲು.

ಯಾವುದನ್ನು ಫ್ರೀಜರಿನಲ್ಲಿಡಬಹುದು, ಯಾವುದು ಕೆಡುವುದೆಂಬುದು ರುಚಿಯ ಪ್ರಶ್ನೆ. ಹೆಪ್ಪುಗಟ್ಟುವಾಗ ಪದಾರ್ಥದೊಳಗಿನ ನೀರು ಹರಳಾಗುವುದು. ಮೆಲ್ಲಗೆ ಹೆಪ್ಪುಗಟ್ಟಿದರೆ ದೊಡ್ಡ ಹರಳುಗಳಾಗಿ ಅಂಗಾಂಶವನ್ನು ಸೀಳುವುವು; ಬೇಗನೆ ಹೆಪ್ಪುಗಟ್ಟಿದರೆ ಸಣ್ಣ ಹರಳುಗಳು, ಹಾನಿ ಕಡಮೆ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತ 1912ರ ತರುವಾಯ ಕೆಲವು ವರ್ಷ ಕೆನಡದ ಲ್ಯಾಬ್ರಡಾರಿನಲ್ಲಿದ್ದಾಗ ಇದನ್ನು ಕಣ್ಣಾರೆ ಕಂಡ. ಅಲ್ಲಿಯ ಮೂಲನಿವಾಸಿಗಳು ಹಿಡಿದ ಮೀನು ಆ ಘೋರ ಚಳಿಗಾಳಿಗೆ ಕ್ಷಣಮಾತ್ರದಲ್ಲಿ ಗಟ್ಟಿಯಾಗುತ್ತಿತ್ತು. ತಿಂಗಳುಗಳ ಮೇಲೆ ಕರಗಿಸಿದರೂ ಹೊಸ ಮೀನಿನಂತೆಯೇ ರುಚಿ. ಊರಿಗೆ ಮರಳಿ 1920ರ ದಶಕದಲ್ಲಿ ಶೀಘ್ರವಾಗಿ ಹೆಪ್ಪುಗಟ್ಟಿಸುವ ಯಂತ್ರವನ್ನು ನಿರ್ಮಿಸಿದ. ಇಂದು ಅಂಗಡಿಯಲ್ಲಿ ಸಿಗುವ ಹೆಪ್ಪುಗಟ್ಟಿದ ಬಟಾಣಿಯ ಮೂಲ ಅಲ್ಲಿದೆ. ನಮ್ಮ ಮನೆಯ ಫ್ರೀಜರಿಗೆ ಅಷ್ಟು ಶಕ್ತಿಯಿಲ್ಲ. ಪೊಟ್ಟಣವನ್ನು ದಪ್ಪ ಉಂಡೆಯಾಗಿ ಕಟ್ಟದೆ ಚಪ್ಪಟೆಯಾಗಿ ತಟ್ಟಿ ಇಡುವುದೊಂದೇ ನಮ್ಮ ಕೈಯಲ್ಲಿರುವುದು.

ಕಾಯಿತುರಿಗೆ ಈ ಉಪಾಯ ಚೆನ್ನಾಗಿ ಒಪ್ಪುತ್ತದೆ. ದಿಲ್ಲಿಯಲ್ಲಿ ಒಳ್ಳೆಯ ತೆಂಗಿನಕಾಯಿ ಸಿಕ್ಕ ದಿನ ನಾಲ್ಕು ಕಾಯಿ ಒಡೆದು ತುರಿದು, ಒಂದು ಹೊತ್ತಿನ ಅಡಿಗೆಗೆ ಬೇಕಾದಷ್ಟನ್ನೇ ಒಂದೊಂದು ಚಪ್ಪಟೆ ಪೊಟ್ಟಣ ಮಾಡಿಡುತ್ತೇವೆ. ದೊಡ್ಡ ಡಬ್ಬಿಯಲ್ಲಿ ತುಂಬಿ ದಿನವೂ ಹೊರಗೆ ತೆಗೆದು, ಕೆರೆದು, ಮತ್ತೆ ಒಳಗಿಡುವವರನ್ನು ಕಂಡಿದ್ದೇವೆ; ಕಳ್ಳನನ್ನು ದಿನಕ್ಕೊಮ್ಮೆ ಎಬ್ಬಿಸಿ ಮಾತನಾಡಿಸಿದಂತೆಯೇ ಅದು. ಹಲಸಿನ ತೊಳೆ, ಮಾವಿನ ರಸ, ಬೇಯಿಸಿದ ಕಾಳು, ಇಡ್ಲಿ, ಚಪಾತಿ ಇವೆಲ್ಲ ಚೆನ್ನಾಗಿ ಉಳಿಯುವುವು. ಆಲೂಗಡ್ಡೆ ಹಿಟ್ಟು ಹಿಟ್ಟಾಗುವುದು. ಸೌತೆಕಾಯಿ ಸಪ್ಪಗೆ ಜೋತುಬೀಳುವುದು. ಮೊಸರು, ಮಜ್ಜಿಗೆಹುಳಿ ಒಡೆದುಹೋಗುವುವು.

ಜನವರಿಯಲ್ಲಿ ದಿಲ್ಲಿಯ ಮಂಡಿಗಳಲ್ಲಿ ಹಸಿಬಟಾಣಿ ಸುರಿಯುವ ಕಾಲ. ಸುಲಿದು ಹಾಗೆಯೇ ಫ್ರೀಜರಿಗೆ ಹಾಕಿದರೆ ಕೆಲವು ವಾರಗಳಲ್ಲಿ ಬಣ್ಣ ಮಾಸಿ, ಒಣಹುಲ್ಲಿನ ರುಚಿ ಬರುವುದು. ಇದು ಜೀವಿಗಳ ಕೆಲಸವಲ್ಲ, ಕಾಳಿನೊಳಗಿನ ಕಿಣ್ವಗಳದು. ಅವು ಚಳಿಯಲ್ಲಿಯೂ ಕೆಲಸ ಬಿಡವು. ಕುದಿಯುವ ನೀರಿನಲ್ಲಿ ಒಂದೂವರೆ ಎರಡು ನಿಮಿಷ ಮುಳುಗಿಸಿ, ತಕ್ಷಣ ಮಂಜಿನ ನೀರಿಗೆ ಸುರಿದು, ಬಟ್ಟೆಯ ಮೇಲೆ ಚೆನ್ನಾಗಿ ಆರಿಸಬೇಕು. ತಟ್ಟೆಯಲ್ಲಿ ಹರಡಿ ಹೆಪ್ಪುಗಟ್ಟಿಸಿ ಆಮೇಲೆ ಚೀಲಕ್ಕೆ ತುಂಬಿದರೆ ಕಾಳು ಕಾಳಾಗಿಯೇ ಉಳಿದು, ಬೇಕಾದಾಗ ಒಂದು ಹಿಡಿ ತೆಗೆಯಲು ಅನುಕೂಲ. ಚೀಲದ ಗಾಳಿಯನ್ನು ಹಿಂಡಿ ತೆಗೆಯಬೇಕು. ಗಾಳಿಯಿದ್ದಲ್ಲಿ ಪದಾರ್ಥ ಒಣಗಿ ಬಿಳಿ ಕಲೆ ಬೀಳುವುದು. ಆ ಕಲೆಯಿಂದ ರುಚಿ ಕೆಡುವುದೇ ಹೊರತು ಆರೋಗ್ಯಕ್ಕೆ ಬಾಧೆಯಿಲ್ಲ.

ಹೆಪ್ಪುಗಟ್ಟಿದುದನ್ನು ಬೆಳಗ್ಗೆ ಕಟ್ಟೆಯ ಮೇಲಿಟ್ಟು ಕಚೇರಿಗೆ ಹೋಗಿ, ಸಂಜೆ ಬಂದು ಬಿಸಿ ಮಾಡುವ ಪದ್ಧತಿಯನ್ನು ದಯವಿಟ್ಟು ಬಿಡಬೇಕು. ನಡುಭಾಗ ಕಲ್ಲಾಗಿರುವಾಗಲೇ ಹೊರಭಾಗ ಬೆಚ್ಚಗಾಗಿ ಕಳ್ಳ ಎದ್ದಿರುತ್ತಾನೆ. ಹಿಂದಿನ ರಾತ್ರಿ ಫ್ರೀಜರಿನಿಂದ ಕೆಳಗಿನ ಅರೆಗೆ ಇಳಿಸಿದರೆ ಮರುದಿನಕ್ಕೆ ತಾನೇ ಕರಗುವುದು. ಅವಸರವಿದ್ದರೆ ನೀರು ಸೇರದ ಚೀಲದಲ್ಲಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸಿ, ಕರಗಿದೊಡನೆ ಬೇಯಿಸಬೇಕು. ಹುಳಿ ಸಾರುಗಳನ್ನು ಗಟ್ಟಿಯಿರುವಂತೆಯೇ ಒಲೆಗೇರಿಸಬಹುದು. ಅಂಚಿನಲ್ಲಿ ಗುಳ್ಳೆ ಬಂದೊಡನೆ ಇಳಿಸದೆ, ತಿರುವಿ ತಿರುವಿ ನಡುವೆಯೂ ಕುದಿ ಬರುವಂತೆ ನೋಡಿಕೊಳ್ಳಬೇಕು. ಒಂದು ಸಲ ಬಿಸಿ ಮಾಡಿದುದನ್ನು ಮತ್ತೆ ಒಳಗಿಡುವ ವ್ಯವಹಾರ ಬೇಡ.

ವಿದ್ಯುತ್ತು ಹೋಗುವ ವಿಚಾರ ಹೇಳದಿದ್ದರೆ ದಿಲ್ಲಿಯ ಬೇಸಗೆಯ ಮಾತು ಪೂರ್ತಿಯಾಗದು. ಇಲ್ಲಿ ಒಂದು ಹಳೆಯ ಕಥೆ ನೆನಪಾಗುತ್ತದೆ. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ಅಮೆರಿಕದ ವರ್ತಕ ಬಾಸ್ಟನ್ನಿನಿಂದ ಕಲ್ಕತ್ತೆಗೆ ಹಡಗಿನಲ್ಲಿ ಮಂಜುಗಡ್ಡೆ ಕಳುಹಿಸಿದ. ನಾಲ್ಕು ತಿಂಗಳ ಪ್ರಯಾಣ. ಹೊರಟದ್ದು ಸುಮಾರು 180 ಟನ್ನು, ತಲಪಿದ್ದು 100 ಟನ್ನಿನಷ್ಟು. ಆಮೇಲೆ ಮುಂಬಯಿಗೂ ಮದರಾಸಿಗೂ ಮಂಜುಗಡ್ಡೆ ಬಂತು. ಚೆನ್ನೈ ವಾಚಕರು ಕಡಲತೀರದಲ್ಲಿ ನೋಡಿರುವ ‘ಐಸ್ ಹೌಸ್’, ಎಂದರೆ 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಮನೆ, ಅದನ್ನು ಇಡಲೆಂದೇ 1842ರಲ್ಲಿ ಕಟ್ಟಿಸಿದುದು. ಯಂತ್ರವಿಲ್ಲದೆ ಅಷ್ಟು ಮಂಜು ಉಳಿದದ್ದು ಹೇಗೆ? ಗಡ್ಡೆಗಳನ್ನು ಸಂದಿಲ್ಲದಂತೆ ಒತ್ತೊತ್ತಾಗಿ ಜೋಡಿಸಿ, ಸುತ್ತ ಮರದ ಹೊಟ್ಟು ತುಂಬಿ, ಬಾಗಿಲು ತೆರೆಯದೆ ಇದ್ದುದರಿಂದ.

ಮನೆಯ ಫ್ರೀಜರಿಗೂ ಅದೇ ನ್ಯಾಯ. ವಿದ್ಯುತ್ತು ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ಜು ನಾಲ್ಕು ಗಂಟೆಯ ಕಾಲ ತಂಪನ್ನು ಹಿಡಿದಿಡುವುದು. ಒತ್ತೊತ್ತಾಗಿ ತುಂಬಿದ ದೊಡ್ಡ ಫ್ರೀಜರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ಎಂದು ಲೆಕ್ಕ. ಒಂಟಿಬಾಗಿಲಿನ ಫ್ರಿಜ್ಜಿನ ಮೇಲಿನ ಪುಟ್ಟ ಅರೆಯನ್ನು ಇಷ್ಟು ನಂಬಬಾರದು. ಅದು 18 ಡಿಗ್ರಿ ಕೆಳಗೆ ಇಳಿಯುವುದೆಂಬ ಭರವಸೆಯೂ ಇಲ್ಲ. ಅಗ್ಗದ ಒಂದು ಉಷ್ಣಮಾಪಕವನ್ನು ಒಳಗಿಟ್ಟು ನೋಡಬೇಕು. ಸೊನ್ನೆಗಿಂತ ಕೆಳಗೆ 12 ಡಿಗ್ರಿಯಿದ್ದರೆ ಒಂದು ತಿಂಗಳು, 6 ಡಿಗ್ರಿಯಿದ್ದರೆ ಒಂದೇ ವಾರ ಪದಾರ್ಥ ಇಡಬಹುದು. ಫ್ರೀಜರಿನಲ್ಲಿ ಜಾಗ ಖಾಲಿಯಿದ್ದರೆ ನೀರಿನ ಡಬ್ಬಿಗಳನ್ನು ಇಟ್ಟು ತುಂಬಿಸುವುದು ಲೇಸು. ಕೆಳಗಿನ ಫ್ರಿಜ್ಜಿಗೆ ಮಾತ್ರ ಇದರ ವಿರುದ್ಧ. ಅಲ್ಲಿ ಗಾಳಿಯಾಡಲು ಸಂದು ಬೇಕು.

ರಜೆಗೆ ಊರಿಗೆ ಹೋಗುವವರು ಒಂದು ಲೋಟ ನೀರನ್ನು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಅದರ ಮೇಲೊಂದು ನಾಣ್ಯ ಇಟ್ಟು ಹೋಗಲಿ. ಮರಳಿ ಬಂದಾಗ ನಾಣ್ಯ ಮೇಲೆಯೇ ಇದ್ದರೆ ಸರಿ. ತಳದಲ್ಲಿದ್ದರೆ ನೀವಿಲ್ಲದಾಗ ಎಲ್ಲವೂ ಕರಗಿ ಮತ್ತೆ ಹೆಪ್ಪುಗಟ್ಟಿದೆಯೆಂದು ತಿಳಿದು, ಒಳಗಿರುವುದನ್ನು ತೆಗೆದುಹಾಕಬೇಕು. ಮಂಜು ಬೆಳೆದಿದ್ದರೆ ಚಾಕುವಿನಿಂದ ಕುಕ್ಕುವುದು ಬೇಡ. ಒಳಗಿನ ಕೊಳವೆ ತೂತಾದರೆ ಅನಿಲ ಸೋರುವುದು. ಈಗಿನ ಹಲವು ಫ್ರಿಜ್ಜುಗಳಲ್ಲಿ ಇರುವುದು ಬೆಂಕಿ ಹಿಡಿಯುವ ಅನಿಲ.

ಕೊನೆಯದಾಗಿ ನಮ್ಮ ಕಸಬಿನ ಒಂದು ಮಾತು. ಕಚೇರಿಯಲ್ಲಿ ಆವಕ-ಜಾವಕ ಪುಸ್ತಕವಿರುವಂತೆ ನಮ್ಮ ಫ್ರಿಜ್ಜಿನ ಬಾಗಿಲಿಗೂ ಒಂದು ಹಾಳೆ ಅಂಟಿಸಿದ್ದೇವೆ. ಒಳಹೋದ ಪದಾರ್ಥ, ದಿನಾಂಕ, ಎಷ್ಟು ಪೊಟ್ಟಣ. ತೆಗೆದಾಗ ಒಂದು ಗೀಟು. ಮೊದಲು ಬಂದದ್ದು ಮೊದಲು ಹೊರಗೆ. ಪ್ರತಿಯೊಂದು ಪೊಟ್ಟಣದ ಮೇಲೂ ಹೆಸರು, ದಿನಾಂಕ ಇರಲೇಬೇಕು. ಹೆಪ್ಪುಗಟ್ಟಿದ ಮೇಲೆ ಹುಳಿಯೂ ಸಾಗುವೂ ಒಂದೇ ರೂಪ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯುವುದು ಒಳ್ಳೆಯದು. ಶಾಯಿಯಾದರೆ ತೇವಕ್ಕೆ ಹರಡಿಹೋಗುತ್ತದೆ.